ಮೂರು ಮೆಟ್ಟಿಲು

ನಮ್ಮ ಭಾಷೆಯಲ್ಲಿ ಮಂಡಿಗೆ ಸಂದಿರುವ ಗೌರವ ಅಷ್ಟಕ್ಕಷ್ಟೆ. ‘ಮಂಡಿಯೂರಿದ’ ಎಂದರೆ ಸೋತ ಎಂದರ್ಥ. ವೀರನನ್ನು ‘ಆಜಾನುಬಾಹು’ ಎಂದು ಹೊಗಳುವಾಗಲೂ ಕೀರ್ತಿಯೆಲ್ಲ ತೋಳಿನ ಪಾಲು. ಮಂಡಿಯದು ಬರಿಯ ಅಳತೆಗೋಲಿನ ಕೆಲಸ. ಇಪ್ಪತ್ತು ವರ್ಷ ತರಗತಿಯಲ್ಲಿ ಇಂಥ ಪದಗಳ ಅರ್ಥವನ್ನು ಬಿಡಿಸುತ್ತ ಬಂದ ನನಗೆ ಮಂಡಿಯ ನಿಜವಾದ ಅರ್ಥ ತಿಳಿದದ್ದು ಕಳೆದ ವರ್ಷ, ನಮ್ಮ ತಾಯಿಯವರ ಬಲಗಾಲಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ.

ಅವರಿಗೆ ಆಗ 71 ವರ್ಷ. ನೆಲದ ಮೇಲೆಯೇ ಬದುಕನ್ನೆಲ್ಲ ಸವೆಸಿದವರು. ಈಳಿಗೆಮಣೆಯ ಮುಂದೆ, ರಂಗೋಲಿಯ ಮುಂದೆ, ದೇವರ ಮುಂದೆ ಕುಳಿತೆದ್ದವರು. ಮೃದ್ವಸ್ಥಿ ಸವೆದು ಎಲುಬಿಗೆ ಎಲುಬು ಉಜ್ಜುತ್ತಿದೆಯೆಂದು ವೈದ್ಯರು ನಾಲ್ಕು ವರ್ಷ ಮೊದಲೇ ಹೇಳಿದ್ದರು. ಮೌಲ್ಯಮಾಪನ ಮುಗಿಯಲಿ, ಬೇಸಗೆಯ ರಜೆ ಬರಲಿ ಎಂದು ಮುಂದೂಡುತ್ತ ಹೋದವನು ನಾನು. ಅವರು ಒಮ್ಮೆಯೂ ನೆನಪಿಸಲಿಲ್ಲ. ಹಿತ್ತಲಿನ ಮೂರು ಮೆಟ್ಟಿಲಿಳಿದು ತುಳಸಿಗೆ ನೀರೆರೆಯುವುದನ್ನು ಮಾತ್ರ ಸದ್ದಿಲ್ಲದೆ ಬಿಟ್ಟರು.

ಸವೆದ ಕೀಲಿಗೆ ಬದಲು ಕೀಲೆಂಬ ಕನಸು ಹಳೆಯದು. 1890ರಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯ ಥೆಮಿಸ್ಟೋಕ್ಲಿಸ್ ಗ್ಲುಕ್ ದಂತದಿಂದ ಮಾಡಿದ ಕೀಲನ್ನು ಮಂಡಿಗೆ ಕೂರಿಸಿ ನೋಡಿದ. ಸೋಂಕು ಆ ಸಾಹಸವನ್ನು ಕೆಡಿಸಿತು. 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಫ್ರಾಂಕ್ ಗನ್‌ಸ್ಟನ್, 1970ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಇನ್ಸಾಲ್ ಮತ್ತು ಅವರ ಸಂಗಡಿಗರು ಇಂದಿನ ಕೀಲಿಗೆ ದಾರಿ ತೆರೆದರು. ಹೆಸರಿಗೆ ಮಂಡಿಯ ಬದಲಾವಣೆಯಾದರೂ ನಡೆಯುವುದು ಹೊದಿಕೆಯ ಕೆಲಸ. ಎಲುಬುಗಳ ಸವೆದ ತುದಿಗಳನ್ನು ತೆಳ್ಳಗೆ ಕೊಯ್ದು, ಲೋಹದ ಕವಚ ತೊಡಿಸಿ, ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆಯನ್ನಿಡುತ್ತಾರೆ. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಈ ಕೀಲುಗಳ ಬೆಲೆಗೆ ಮಿತಿ ಹಾಕಿತು. ಆದ್ದರಿಂದ ನನ್ನ ವಿಳಂಬಕ್ಕೆ ಕೀಲಿನ ಬೆಲೆಯ ನೆವವೂ ಉಳಿದಿರಲಿಲ್ಲ.

ಶಸ್ತ್ರಚಿಕಿತ್ಸೆಯ ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು. “ಲೋಹದ ಕಾಲಿಗೂ ನೋವಾಗತ್ತೇನೋ?” ಎಂದು ತಾಯಿ ಕೇಳಿದರು. “ನೋವು ಲೋಹಕ್ಕಲ್ಲಮ್ಮ, ಅದರ ಸುತ್ತಲ ಮಾಂಸಕ್ಕೆ” ಎಂದೆ. ವ್ಯಾಯಾಮ ಕಲಿಸಲು ಬರುತ್ತಿದ್ದ ತರುಣಿ ಮಾತನ್ನು ಪೂರ್ತಿಮಾಡಿದಳು: ಬಹುಕಾಲ ದುಡಿಯದ ತೊಡೆಯ ಸ್ನಾಯು ಸೊರಗಿದೆ, ಕೀಲನ್ನು ಒಂದೆರಡು ಗಂಟೆಯಲ್ಲಿ ಕೂರಿಸಬಹುದು, ಬಲವನ್ನು ಮಾತ್ರ ದಿನದಿನವೂ ಗಳಿಸಬೇಕು. ನಾನು ತಲೆ ತಗ್ಗಿಸಿದೆ. ನಾನು ಮಾಡಿದ ಸಾಲವನ್ನು ತೀರಿಸುವ ಹೊಣೆ ಅವರ ಪಾಲಿಗೆ ಬಂದಿತ್ತು.

ಅವರು ತೀರಿಸಿದ ಬಗೆಯನ್ನು ಕಂಡೆ. ರಕ್ತ ಹೆಪ್ಪುಗಟ್ಟದಿರಲೆಂದು ಪಾದವನ್ನು ಮೇಲೆ ಕೆಳಗೆ ಆಡಿಸುವುದು. ತೊಡೆಯನ್ನು ಬಿಗಿಹಿಡಿದು ಬಿಡುವುದು. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತ ಮಂಡಿಯನ್ನು ಬಗ್ಗಿಸುವುದು. ಮಂಡಿಯ ಕೆಳಗೆ ದಿಂಬು ಸುಖ ಕೊಡುತ್ತದೆ, ಆದರೆ ಕಾಲು ಮಡಿಸಿದಂತೆಯೇ ಬಿಗಿದುಕೊಳ್ಳುವ ಭಯವಿರುವುದರಿಂದ ಆ ಸುಖವೂ ನಿಷಿದ್ಧ. ಹಗಲು ಹೇಗೋ ಕಳೆಯುತ್ತಿತ್ತು; ರಾತ್ರಿ ಹಲ್ಲು ಕಚ್ಚಿ ಮಲಗಿದ ಅವರ ಉಸಿರು ಪಕ್ಕದ ಕೋಣೆಗೆ ಕೇಳಿಸುತ್ತಿತ್ತು. ಮೂರನೆಯ ವಾರದಲ್ಲಿ ಮಂಡಿ 75 ಡಿಗ್ರಿಗೆ ನಿಂತುಬಿಟ್ಟಿತು. ಕುರ್ಚಿಯಿಂದ ಸರಾಗವಾಗಿ ಏಳಲು 90ನ್ನಾದರೂ ದಾಟಬೇಕು. ದಾಟಲು ಮತ್ತೂ ಮೂರು ವಾರ ಹಿಡಿಯಿತು.

ಒಂದು ನಷ್ಟ ಮಾತ್ರ ತುಂಬಿಬರಲಿಲ್ಲ. ನೆಲದ ಮೇಲೆ ಕುಕ್ಕರಿಸಬಾರದು, ಚಕ್ಕಳಮಕ್ಕಳ ಹಾಕಬಾರದು ಎಂದರು ವೈದ್ಯರು. ತಾಯಿ ಒಂದು ಗಳಿಗೆ ಸುಮ್ಮನಿದ್ದು, “ಈಳಿಗೆಮಣೇನ ಅಟ್ಟಕ್ಕೆ ಹಾಕು” ಎಂದರು.

ನಾಲ್ಕನೆಯ ತಿಂಗಳ ಒಂದು ಬೆಳಿಗ್ಗೆ ಅವರು ತಂಬಿಗೆಯನ್ನು ನನ್ನ ಕೈಗಿತ್ತು, ಗೋಡೆಯನ್ನು ಹಿಡಿದು ಮೆಟ್ಟಿಲಿಳಿದರು. ಇಳಿಯುವಾಗ ಶಸ್ತ್ರಚಿಕಿತ್ಸೆಯಾದ ಕಾಲು ಮುಂದು, ಏರುವಾಗ ಒಳ್ಳೆಯ ಕಾಲು ಮುಂದು ಎಂಬುದು ಕಲಿಸಿದ ಪಾಠ. ಬಗ್ಗಿ ನಮಸ್ಕರಿಸಲಾಗಲಿಲ್ಲ, ನಿಂತೇ ನೀರೆರೆದು ಕಟ್ಟೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಹಿಂದಿರುಗಿ ಏರುತ್ತ, ತಡವಾಗಿ ಮೇಲೆ ಬಂದ ಬಲಗಾಲನ್ನು ನೋಡಿ, “ಹಿಂದಿಂದ ಬಂದ್ರೂ ಬಂತಲ್ಲ, ಬಿಡು” ಎಂದು ನಕ್ಕರು.

ಆ ಮಾತು ಕಾಲನ್ನು ಕುರಿತದ್ದೋ ಮಗನನ್ನು ಕುರಿತದ್ದೋ, ನಾನು ಕೇಳಲಿಲ್ಲ.