ಹಳೇ ಆರ್‌ಎಕ್ಸ್ 100 ಏರಿನಲ್ಲಿ ಎಳೆಯುತ್ತಿಲ್ಲವೇ? ಬೋರ್ ಮಾಡಿಸುವ ಮುನ್ನ ಇವನ್ನು ಪರೀಕ್ಷಿಸಿ

ಆಸೆಪಟ್ಟು ಕೊಂಡ ಸೆಕೆಂಡ್ ಹ್ಯಾಂಡ್ ಯಮಹಾ ಆರ್‌ಎಕ್ಸ್ 100 ಒಂದೇ ಕಿಕ್‌ಗೆ ಸ್ಟಾರ್ಟ್ ಆಗುತ್ತದೆ, ಶಬ್ದವೂ ಚೆನ್ನಾಗಿದೆ. ಆದರೆ ಫ್ಲೈಓವರ್ ಏರುವಾಗ, ಹಿಂದೆ ಒಬ್ಬರು ಕುಳಿತಾಗ ಗಾಡಿ ಎಳೆಯುವುದಿಲ್ಲ. ಗ್ಯಾರೇಜಿಗೆ ಹೋದರೆ ಸಿಗುವ ಮೊದಲ ಸಲಹೆ ಹೆಚ್ಚಾಗಿ ಒಂದೇ: 'ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿ.' ಖರ್ಚು ಸಾವಿರಗಳಲ್ಲಿ. ಅಷ್ಟಾದ ಮೇಲೂ ಸಮಸ್ಯೆ ಹಾಗೇ ಉಳಿಯುವುದುಂಟು.

1985ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಆರ್‌ಎಕ್ಸ್ 100ರ ತಯಾರಿಕೆ 1996ರಲ್ಲೇ ನಿಂತಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಟೂ-ಸ್ಟ್ರೋಕ್ ಯೆಜ್ಡಿಗಳ ಕಥೆಯೂ ಅದೇ ವರ್ಷ ಮುಗಿಯಿತು. ಅಂದರೆ ಇಂದು ಕೈಗೆ ಸಿಗುವ ಪ್ರತಿ ಗಾಡಿಯೂ ಸುಮಾರು 30 ವರ್ಷ ಅಥವಾ ಅದಕ್ಕೂ ಹಳೆಯದು. ಮೂಲ ಸಿಲಿಂಡರ್ ಸುಲಭಕ್ಕೆ ಸಿಗುವುದಿಲ್ಲ. ಬೋರ್ ಮಾಡಿಸುವುದೆಂದರೆ ಸಿಲಿಂಡರಿನ ಒಳಗೋಡೆಯನ್ನು ಕೊರೆದು ದೊಡ್ಡದು ಮಾಡುವುದು. ಸಾಮಾನ್ಯವಾಗಿ 0.25 ಮಿ.ಮೀ. ಲೆಕ್ಕದಲ್ಲಿ ನಡೆಯುವ ಈ ಕೆಲಸವನ್ನು ಕೆಲವೇ ಬಾರಿ ಮಾಡಬಹುದು. ಕಾರಣ ತಿಳಿಯದೆ ಕೊರೆಸಿದರೆ ಹೋಗುವುದು ದುಡ್ಡಷ್ಟೇ ಅಲ್ಲ, ಎಂಜಿನ್ನಿನ ಉಳಿದ ಆಯಸ್ಸು ಕೂಡ.

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ಖರ್ಚಿಲ್ಲದ ಪರೀಕ್ಷೆಯಿಂದ ಖರ್ಚಿನ ಕಡೆಗೆ ಹೋಗಬೇಕು. ಇಲ್ಲಿದೆ ಅದರ ಕ್ರಮ.

ಮೊದಲು: ತಪ್ಪು ನಿಜವಾಗಿ ಎಂಜಿನ್ನಿನದೇ?

ಗಾಡಿಯನ್ನು ಸೆಂಟರ್ ಸ್ಟ್ಯಾಂಡ್‌ಗೆ ಹಾಕಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ. ಸಲೀಸಾಗಿ ತಿರುಗದಿದ್ದರೆ ಬ್ರೇಕ್ ಹಿಡಿದುಕೊಂಡಿರಬಹುದು ಅಥವಾ ಚೈನ್ ತೀರಾ ಬಿಗಿಯಾಗಿರಬಹುದು. ಇನ್ನೊಂದು ಪರೀಕ್ಷೆ: ಏರಿನಲ್ಲಿ ಆಕ್ಸಿಲರೇಟರ್ ಕೊಟ್ಟಾಗ ಎಂಜಿನ್ ಶಬ್ದ ಮಾತ್ರ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ. ಆಗ ಎಂಜಿನ್ ಬಿಚ್ಚುವ ಅಗತ್ಯವೇ ಇಲ್ಲ, ಕ್ಲಚ್ ಪ್ಲೇಟ್ ನೋಡಿಸಿದರೆ ಸಾಕು. ಏರ್ ಫಿಲ್ಟರ್ ಧೂಳು ತುಂಬಿ ಕಟ್ಟಿಕೊಂಡಿದೆಯೇ ಎಂಬುದನ್ನೂ ಇದೇ ಹಂತದಲ್ಲಿ ನೋಡಿಬಿಡಿ.

ಪೆಟ್ರೋಲ್ ಸರಿಯಾಗಿ ಬರುತ್ತಿದೆಯೇ?

ಒಂದೆರಡು ಕಿಲೋಮೀಟರ್ ಚೆನ್ನಾಗಿ ಓಡಿ ಆಮೇಲೆ ಸೊರಗುತ್ತದೆಯೇ? ಟ್ಯಾಂಕಿನ ಮುಚ್ಚಳ ಒಮ್ಮೆ ತೆರೆದು ನೋಡಿ. ತೆರೆದ ಮೇಲೆ ಗಾಡಿ ಮತ್ತೆ ಸರಿಹೋದರೆ ಮುಚ್ಚಳದ ಗಾಳಿರಂಧ್ರ ಕಟ್ಟಿಕೊಂಡಿದೆ. ಗಾಳಿ ಒಳಹೋಗದಿದ್ದರೆ ಪೆಟ್ರೋಲ್ ಕೆಳಗಿಳಿಯುವುದಿಲ್ಲ. ಹಳೇ ಟ್ಯಾಂಕಿನ ತುಕ್ಕು ಪೆಟ್ರೋಲ್ ನಲ್ಲಿಯ ಜಾಲರಿಯಲ್ಲೂ ಕಾರ್ಬುರೇಟರ್‌ನ ಜೆಟ್‌ನಲ್ಲೂ ಸಿಕ್ಕಿಕೊಂಡಿರಬಹುದು.

ಈಗ ಬಂಕ್‌ಗಳಲ್ಲಿ ಸಿಗುವ ಇ20 ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹಳೇ ಕಾಲದ ರಬ್ಬರ್ ಪೈಪು ಮತ್ತು ಸೀಲುಗಳಿಗೆ ಒಗ್ಗುವುದಿಲ್ಲ. ತಿಂಗಳುಗಟ್ಟಲೆ ನಿಲ್ಲಿಸಿದ್ದ ಗಾಡಿಯಾದರೆ ಟ್ಯಾಂಕ್ ಮತ್ತು ಕಾರ್ಬುರೇಟರ್ ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕಿ. ಈ ಕೆಲಸ ಬಯಲಿನಲ್ಲಿ, ಬೆಂಕಿಯಿಂದ ದೂರ ನಡೆಯಲಿ.

ಆಯಿಲ್ ಬಗ್ಗೆ ಹಿಂದಿನ ಮಾಲೀಕರನ್ನು ಕೇಳಿದಿರಾ?

ಟೂ-ಸ್ಟ್ರೋಕ್ ಎಂಜಿನ್ನಿನ ಪಿಸ್ಟನ್‌ಗೂ ಕ್ರ್ಯಾಂಕ್‌ಗೂ ಜಾರುಗುಣ ಸಿಗುವುದು ಪೆಟ್ರೋಲ್ ಜತೆ ಒಳಹೋಗುವ 2ಟಿ ಆಯಿಲ್‌ನಿಂದ. ಕೆಲವು ಗಾಡಿಗಳಲ್ಲಿ ಇದನ್ನು ಪಂಪ್ ಪೂರೈಸುತ್ತದೆ, ಉಳಿದವುಗಳಲ್ಲಿ ಪೆಟ್ರೋಲ್‌ಗೇ ಬೆರೆಸಬೇಕು. ಹಿಂದಿನ ಮಾಲೀಕರು ಪಂಪ್ ತೆಗೆಸಿದ್ದು ಗೊತ್ತಾಗದೆ ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಎಂಜಿನ್ ಹಾಳಾಗಲು ಹೆಚ್ಚು ಹೊತ್ತು ಬೇಕಿಲ್ಲ. ಗಾಡಿ ಕೊಳ್ಳುವ ದಿನವೇ ಕೇಳಬೇಕಾದ ಪ್ರಶ್ನೆ ಇದು.

ಹಾಗೆಂದು ಅಳತೆ ಮೀರಿ ಆಯಿಲ್ ಸುರಿಯುವುದೂ ಪರಿಹಾರವಲ್ಲ. ಹೊಗೆ ಹೆಚ್ಚುತ್ತದೆ, ಪ್ಲಗ್ ಒದ್ದೆಯಾಗುತ್ತದೆ, ಸೈಲೆನ್ಸರ್‌ನಲ್ಲಿ ಕಾರ್ಬನ್ ಕಟ್ಟುತ್ತದೆ.

ಪ್ಲಗ್ ಹೇಳುವ ಸುದ್ದಿ

ಏರಿನಲ್ಲಿ ಓಡಿಸಿ ನಿಲ್ಲಿಸಿ, ಎಂಜಿನ್ ಆರಿದ ಮೇಲೆ ಪ್ಲಗ್ ಬಿಚ್ಚಿ ನೋಡಿ. ತುದಿ ಕಂದು ಬಣ್ಣದಲ್ಲಿದ್ದರೆ ಒಳಗೆ ಉರಿಯುವಿಕೆ ಸರಿಯಾಗಿದೆ. ಕಪ್ಪಗೆ, ಒದ್ದೆಯಾಗಿದ್ದರೆ ಪೆಟ್ರೋಲ್ ಅಥವಾ ಆಯಿಲ್ ಜಾಸ್ತಿ, ಇಲ್ಲವೇ ಕಿಡಿ ದುರ್ಬಲ. ಬಿಳಿಚಿಕೊಂಡಿದ್ದರೆ ಎಚ್ಚರ! ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗಿರುವ ಲಕ್ಷಣ ಅದು.

ಸೈಲೆನ್ಸರ್ ಒಳಗೆ ಕಾರ್ಬನ್

ಎಂಜಿನ್ ಒಳಗೆ ಎಳೆದುಕೊಂಡಷ್ಟನ್ನೂ ಹೊರಗೆ ಬಿಡಬೇಕು. ಆಯಿಲ್ ಉರಿದ ಮಸಿ ವರ್ಷಗಟ್ಟಲೆ ಕೂತರೆ ಸೈಲೆನ್ಸರ್ ಒಳಗಿನ ಬ್ಯಾಫಲ್ ರಂಧ್ರಗಳೂ ಸಿಲಿಂಡರಿನ ಎಕ್ಸಾಸ್ಟ್ ಬಾಯಿಯೂ ಕಿರಿದಾಗುತ್ತವೆ. ಗಾಡಿ ಕಡಿಮೆ ವೇಗದಲ್ಲಿ ಚೆನ್ನಾಗಿದ್ದು, ಮೇಲಿನ ವೇಗಕ್ಕೆ ಏರದೆ ಉಸಿರು ಕಟ್ಟಿದಂತಾದರೆ ಇದನ್ನು ಅನುಮಾನಿಸಿ. ಬ್ಯಾಫಲ್ ಹೊರತೆಗೆದು ಸ್ವಚ್ಛ ಮಾಡಿಸಿದರೆ ಎಷ್ಟೋ ಗಾಡಿಗಳಲ್ಲಿ ಹೋದ ಪಿಕಪ್ ಮರಳುತ್ತದೆ. ಎರಡು ಸೈಲೆನ್ಸರ್‌ನ ಯೆಜ್ಡಿಯಲ್ಲಿ ಎರಡನ್ನೂ ನೋಡಬೇಕು.

ಕಣ್ಣಿಗೆ ಕಾಣದ ಕಳ್ಳ: ಗಾಳಿ ಸೋರಿಕೆ

ಹಳೇ ಟೂ-ಸ್ಟ್ರೋಕ್‌ಗಳಲ್ಲಿ ಹೆಚ್ಚು ಮಂದಿ ಎಡವುವುದು ಇಲ್ಲೇ. ಈ ಎಂಜಿನ್ನಿನಲ್ಲಿ ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಕೋಣೆಯೇ ಪಂಪ್‌ನಂತೆ ಕೆಲಸ ಮಾಡುತ್ತದೆ. ಪಿಸ್ಟನ್ ಮೇಲೇರಿದಾಗ ಪೆಟ್ರೋಲ್-ಗಾಳಿ ಮಿಶ್ರಣ ಒಳಗೆ ಬರುತ್ತದೆ, ಕೆಳಗಿಳಿದಾಗ ಅದು ಮೇಲಿನ ಸಿಲಿಂಡರಿಗೆ ಹೋಗುತ್ತದೆ. ಈ ಕೋಣೆ ಎಲ್ಲಿ ಸೋರಿದರೂ ಶಕ್ತಿ ಕುಸಿಯುತ್ತದೆ.

ಕ್ರ್ಯಾಂಕಿನ ಎರಡೂ ಬದಿಯಲ್ಲಿ ಆಯಿಲ್ ಸೀಲ್‌ಗಳಿವೆ. ಕ್ಲಚ್ ಬದಿಯ ಸೀಲ್ ಹೋದರೆ ಗೇರ್ ಆಯಿಲ್ ಒಳಗೆ ಎಳೆಯಲ್ಪಟ್ಟು ಉರಿಯುತ್ತದೆ. ಬಿಳಿ ಹೊಗೆ ನಿಲ್ಲುವುದಿಲ್ಲ, ಹೊರಗೆ ಸೋರದಿದ್ದರೂ ಗೇರ್ ಆಯಿಲ್ ಕಡಿಮೆಯಾಗುತ್ತಾ ಹೋಗುತ್ತದೆ. ಮ್ಯಾಗ್ನೆಟ್ ಬದಿಯ ಸೀಲ್ ಹೋದರೆ ಹೊಗೆ ಕಾಣುವುದಿಲ್ಲ, ಬರೀ ಗಾಳಿ ಒಳನುಗ್ಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ವೇಗ ಬೇಗ ಇಳಿಯದಿರುವುದು, ಸ್ಲೋ ಸೆಟ್ಟಿಂಗ್ ನಿಲ್ಲದಿರುವುದು ಇದರ ಸುಳಿವು. ಕಾರ್ಬುರೇಟರ್ ಜೋಡಿಸುವ ರಬ್ಬರ್ ಬಿರಿದಿದ್ದರೂ ಇದೇ ಲಕ್ಷಣ. ಆರ್‌ಎಕ್ಸ್ 100ರಲ್ಲಿ ರೀಡ್ ವಾಲ್ವ್‌ನ ತೆಳು ಹಾಳೆಗಳ ಅಂಚು ಒಡೆದಿದ್ದರೆ ಒಳಬಂದ ಮಿಶ್ರಣ ಹಿಂದಕ್ಕೇ ಹೋಗುತ್ತದೆ. ಹಳೇ ಯೆಜ್ಡಿಯಲ್ಲಿ ರೀಡ್ ವಾಲ್ವ್ ಇಲ್ಲ.

ಪರೀಕ್ಷೆ ಕಷ್ಟವೇನಲ್ಲ. ಕಾರ್ಬುರೇಟರ್ ಮತ್ತು ಸೈಲೆನ್ಸರ್ ಬಿಚ್ಚಿ ಎರಡೂ ಬಾಯಿ ಮುಚ್ಚಿ, ಎಂಜಿನ್ ಒಳಗೆ ಸುಮಾರು 6 ಪಿಎಸ್‌ಐ ಗಾಳಿ ತುಂಬಿ ಕೆಲವು ನಿಮಿಷ ಗೇಜ್ ನೋಡಬೇಕು. ಮುಳ್ಳು ನಿಮಿಷಕ್ಕೆ 1 ಪಿಎಸ್‌ಐಗಿಂತ ವೇಗವಾಗಿ ಇಳಿದರೆ ಸೋರಿಕೆ ಇದೆ. ಜೋಡಣೆಗಳ ಮೇಲೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಎದ್ದು ಜಾಗ ತೋರಿಸುತ್ತದೆ. ಮೆಕ್ಯಾನಿಕ್ ಬಳಿ ಈ ಪರೀಕ್ಷೆಯನ್ನೇ ಕೇಳಿ.

ದೊಡ್ಡ ಜೆಟ್ ಹಾಕಿ ಸಮಾಧಾನಪಡಬೇಡಿ

ಗಾಳಿ ಸೋರುವ ಎಂಜಿನ್ನಿಗೆ ದೊಡ್ಡ ಜೆಟ್ ಹಾಕಿದರೆ ಕೆಲವು ದಿನ ಗಾಡಿ ಚುರುಕಾದಂತೆ ಕಾಣಬಹುದು. ಆದರೆ ಸೀಲಿನ ತೂತು ದೊಡ್ಡದಾಗುತ್ತಲೇ ಇರುತ್ತದೆ. ಪೆಟ್ರೋಲ್ ಕಡಿಮೆಯಾದರೆ ಅದರ ಜತೆ ಬರುವ ಆಯಿಲ್ ಕೂಡ ಕಡಿಮೆ. ಬಿಸಿ ಏರುತ್ತದೆ, ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಇದೇ ಎಂಜಿನ್ ಸೀಜ್. ಓಡುವಾಗ ಹೀಗಾದರೆ ಹಿಂದಿನ ಚಕ್ರವೇ ನಿಂತುಬಿಡಬಹುದು. ಮುಂಬೈ-ಪುಣೆ ಹಳೇ ಹೆದ್ದಾರಿಯ ಖಂಡಾಲಾ ಘಾಟ್‌ನಂಥ ಕಡೆ, ಹಿಂದೆ ಲಾರಿ ಬರುತ್ತಿರುವಾಗ ಇದು ಪ್ರಾಣಕ್ಕೇ ಸಂಚಕಾರ. ಎಂಜಿನ್ ಏಕಾಏಕಿ ಬಿಗಿಯಾದಂತೆ ಅನಿಸಿದ ಕೂಡಲೇ ಕ್ಲಚ್ ಹಿಡಿದು ಪಕ್ಕಕ್ಕೆ ನಿಲ್ಲಿಸಿ.

ಕೊನೆಗೆ ಕಂಪ್ರೆಷನ್

ಮೇಲಿನದೆಲ್ಲ ಸರಿಯಿದ್ದರೆ ಮಾತ್ರ ಸಿಲಿಂಡರ್ ಕಡೆ ನೋಡಿ. ಎಂಜಿನ್ ಬಿಸಿಯಿರುವಾಗ ಪ್ಲಗ್ ಜಾಗಕ್ಕೆ ಗೇಜ್ ಹಾಕಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ, ಮುಳ್ಳು ನಿಲ್ಲುವವರೆಗೆ ಕಿಕ್ ಹೊಡೆಯಬೇಕು. ಮಾದರಿಯಿಂದ ಮಾದರಿಗೆ ಅಂಕಿ ಬೇರೆಯಾದರೂ, ಸಾಮಾನ್ಯವಾಗಿ 120 ಪಿಎಸ್‌ಐ ಅಥವಾ ಹೆಚ್ಚು ಬಂದರೆ ಚಿಂತೆಯಿಲ್ಲ. 90ರ ಆಸುಪಾಸಿಗೆ ಇಳಿದಿದ್ದರೆ ಪ್ಲಗ್ ತೂತಿನಿಂದ ನಾಲ್ಕು ಹನಿ ಆಯಿಲ್ ಬಿಟ್ಟು ಮತ್ತೊಮ್ಮೆ ನೋಡಿ. ಆಗ ಅಂಕಿ ಏರಿದರೆ ರಿಂಗ್ ಅಥವಾ ಸಿಲಿಂಡರ್ ಸವೆದಿದೆ. ಏರದಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿಸಿ. ರಿಂಗ್ ಮಾತ್ರ ಸವೆದಿದ್ದರೆ ರಿಂಗ್ ಬದಲಿಸಿದರೂ ಸಾಕಾಗಬಹುದು. ಸಿಲಿಂಡರ್ ಅಳತೆ ಮಾಡಿಸಿ, ಸವೆತ ಮಿತಿ ಮೀರಿದೆ ಎಂದು ಖಚಿತವಾದರೆ ಮಾತ್ರ ಬೋರ್.

ಹಾಗೆ ಬೋರ್ ಮಾಡಿಸಲೇಬೇಕಾದರೂ ಅದಕ್ಕೂ ಮುನ್ನ ಎರಡೂ ಕ್ರ್ಯಾಂಕ್ ಸೀಲ್ ಪರೀಕ್ಷೆ ಮುಗಿದಿರಲಿ. ಇಲ್ಲದಿದ್ದರೆ ಹಳೇ ಪಿಸ್ಟನ್ ತಿಂದ ಗಾಳಿಯೇ ಹೊಸ ಪಿಸ್ಟನ್ನನ್ನೂ ತಿನ್ನುತ್ತದೆ.