ಫೋಟೊದೊಳಗಿನ ಶಾಸನ

ರಟ್ಟೀಹಳ್ಳಿಯ ಕದಂಬೇಶ್ವರ ಗುಡಿಯ ಶಾಸನದ ಮುಂದೆ ನಿಂತಾಗ ಹಳಗನ್ನಡದ ಲಿಪಿ ಓದಲು ಬಾರದವರಿಗೂ ಒಂದು ಅಂದಾಜಿರುತ್ತದೆ. ಶಕವರ್ಷ, ತಿಥಿ, ದಾನ ಕೊಟ್ಟವರ ಹೆಸರು, ಕೊಟ್ಟ ಭೂಮಿಯ ಎಲ್ಲೆ, ಇಷ್ಟಂತೂ ಅಲ್ಲಿರಬೇಕು. ಅದೇ ಊರಿನ ಹೊಲದಲ್ಲಿ, ಮಳೆಗಾಳಿಗೆ ನೆಲಕ್ಕೊರಗಿದ ಗೋವಿನಜೋಳದ ಫೋಟೊ ತೆಗೆಯುವ ರೈತನ ಕೈಯಲ್ಲೂ ಅಂಥದ್ದೇ ಒಂದು ಬರಹ ಹುಟ್ಟುತ್ತದೆ. ಬರೆದದ್ದು ಫೋನು, ಬರೆದದ್ದೇನೆಂದು ರೈತನಿಗೆ ಯಾರೂ ಹೇಳಿರುವುದಿಲ್ಲ.

2020ರ ಮುಂಗಾರಿನಲ್ಲಿ ಕರ್ನಾಟಕ ಸರ್ಕಾರ ಬೆಳೆ ಸಮೀಕ್ಷೆಯ ಆ್ಯಪನ್ನು ರೈತರ ಕೈಗೇ ಕೊಟ್ಟ ಮೇಲೆ ಹೊಲದ ಫೋಟೊಗೆ ಪಹಣಿಯ ಪಕ್ಕದಲ್ಲಿ ಜಾಗ ಸಿಕ್ಕಿತು. ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ, ಬೆಳೆಹಾನಿ ಪರಿಹಾರಗಳಿಗೆ ಆ ಸಮೀಕ್ಷೆಯ ಮಾಹಿತಿ ಬಳಕೆಯಾಗುತ್ತದೆ. ಆ್ಯಪ್ ಸ್ಥಳ ಕೇಳುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ತಕರಾರು ಬಂದಾಗ ಇರಲಿ ಎಂದು ಫೋನಿನ ಕ್ಯಾಮೆರಾದಲ್ಲೇ ತೆಗೆದಿಟ್ಟುಕೊಂಡ ಫೋಟೊದೊಳಗೆ ಏನೇನಿದೆ?

ಅರ್ಧದಷ್ಟು ಉತ್ತರ ಬಹಿರಂಗವಾಗಿಯೇ ಇದೆ. ಜಪಾನಿನ ಕ್ಯಾಮೆರಾ ತಯಾರಕರು 1995ರಲ್ಲಿ ರೂಪಿಸಿದ ಎಕ್ಸಿಫ್ ಎಂಬ ಮಾನದಂಡದಲ್ಲಿ ಪ್ರತಿಯೊಂದು ವಿವರಕ್ಕೂ ಒಂದು ನಂಬರಿದೆ. ತೆಗೆದ ಹೊತ್ತಿಗೊಂದು, ಫೋನಿನ ಮಾದರಿಗೊಂದು, ಸ್ಥಳಕ್ಕೊಂದು. ಸ್ಥಳವನ್ನು ಡಿಗ್ರಿ, ಮಿನಿಟು, ಸೆಕೆಂಡುಗಳಲ್ಲಿ ಬರೆಯುತ್ತಾರೆ. ಅಕ್ಷಾಂಶದ ಒಂದು ಸೆಕೆಂಡು ನೆಲದ ಮೇಲೆ ಸುಮಾರು 31 ಮೀಟರ್. ಸೆಕೆಂಡಿನ ಭಾಗಗಳನ್ನೂ ಬರೆದಿರುವುದರಿಂದ, ಜಿಪಿಎಸ್ ಚೆನ್ನಾಗಿ ಹಿಡಿದಿದ್ದರೆ ಬದುವಿನ ಈಚೆಯೋ ಆಚೆಯೋ ಎಂಬುದೂ ಹೆಚ್ಚುಕಡಿಮೆ ತಿಳಿದೀತು.

ಉಳಿದರ್ಧ 37500ನೇ ನಂಬರಿನ ವಿವರದಲ್ಲಿದೆ. ಅದರ ಹೆಸರು ಮೇಕರ್‌ನೋಟ್, ಅಂದರೆ ತಯಾರಕರ ಟಿಪ್ಪಣಿ. ಅಲ್ಲಿ ಏನು ಬೇಕಾದರೂ ಬರೆದುಕೊಳ್ಳಿ ಎಂದು ಮಾನದಂಡವೇ ಕಂಪನಿಗಳಿಗೆ ಬಿಟ್ಟುಕೊಟ್ಟಿದೆ. ಹೆಚ್ಚಿನ ಕಂಪನಿಗಳು ಅದರ ಅರ್ಥವನ್ನು ಪ್ರಕಟಿಸಿಲ್ಲ. ಹಾಗಿದ್ದೂ ಅದರಲ್ಲಿ ಬಹಳಷ್ಟನ್ನು ಇಂದು ಓದಬಹುದು. ಕೆನಡಾದ ಫಿಲ್ ಹಾರ್ವೆ 2003ರಿಂದ ಬೆಳೆಸುತ್ತ ಬಂದ ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶ, ಬೇರೆ ಬೇರೆ ದೇಶಗಳ ಆಸಕ್ತರು ಕೂಡಿಸಿಕೊಟ್ಟ ಇಂಥ ಅರ್ಥಗಳ ಕೋಶವೇ ಆಗಿದೆ.

ಗುಟ್ಟು ಬಿಡಿಸುವ ದಾರಿ ಶಾಸನತಜ್ಞರ ದಾರಿಯೇ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಸಾಂಚಿಯ ಚಿಕ್ಕ ಚಿಕ್ಕ ಬರಹಗಳನ್ನು ಪಕ್ಕಪಕ್ಕದಲ್ಲಿಟ್ಟು, ಎಲ್ಲವೂ ಒಂದೇ ಅಕ್ಷರಗಳಲ್ಲಿ ಮುಗಿಯುವುದನ್ನು ಕಂಡು, ಅದು ‘ದಾನಂ’ ಇರಬೇಕೆಂದು ಊಹಿಸಿದ್ದರಿಂದ ಬ್ರಾಹ್ಮಿ ಲಿಪಿ ಬಾಯಿಬಿಟ್ಟಿತು. ಫೋಟೊದಲ್ಲಿ ನಮಗೆ ಇನ್ನೊಂದು ಅನುಕೂಲವಿದೆ: ಹೊಸ ಶಾಸನವನ್ನು ನಾವೇ ಬರೆಸಬಹುದು. ಒಂದನ್ನು ಮಾತ್ರ ಬದಲಿಸಿ, ಉಳಿದದ್ದನ್ನೆಲ್ಲ ಹಾಗೇ ಇಟ್ಟು, ಮತ್ತೊಂದು ಫೋಟೊ ತೆಗೆದು, ಯಾವ ಅಂಕೆ ಅಲುಗಿತೆಂದು ನೋಡಿದರಾಯಿತು.

ಐಫೋನಿನ ಟಿಪ್ಪಣಿಯಲ್ಲಿ ಮೂರು ಸಂಖ್ಯೆಗಳು ಒಟ್ಟಿಗೆ ಕೂತಿರುತ್ತವೆ. 0.02, -0.71, -0.70 ಎಂದಿದೆ ಎನ್ನಿ. ಪ್ರತಿಯೊಂದನ್ನೂ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆದರೆ 1ರ ಹತ್ತಿರ ಬರುತ್ತದೆ. ಕೈ ಅಲುಗದೆ ತೆಗೆದ ಯಾವ ಫೋಟೊದಲ್ಲೂ ಹಾಗೆಯೇ. ಫೋನನ್ನು ಕಟ್ಟೆಯ ಮೇಲೆ ಅಂಗಾತ ಇಟ್ಟು ಒತ್ತಿ. ಚಿತ್ರ ಕಪ್ಪಾಗಿ ಬಂದರೆ ಬರಲಿ. ಈಗ ಎರಡು ಸಂಖ್ಯೆಗಳು ಸೊನ್ನೆಗೆ ಇಳಿದು, ಮೂರನೆಯದೊಂದೇ -1ರ ಸಮೀಪ ನಿಲ್ಲುತ್ತದೆ. ಅದು ಭೂಮಿಯ ಸೆಳೆತ! ಒತ್ತಿದ ಗಳಿಗೆಯಲ್ಲಿ ಫೋನು ಯಾವ ಓರೆಯಲ್ಲಿತ್ತು ಎಂಬುದನ್ನು ಗುರುತ್ವವೇ ಬರೆದಿಟ್ಟಿದೆ. ಇದನ್ನು ಪ್ರೌಢಶಾಲೆಯ ಮಕ್ಕಳು ಒಂದು ಮಧ್ಯಾಹ್ನದಲ್ಲಿ ಮಾಡಿ ನೋಡಬಹುದು. ಮಾಡಿ ನೋಡಬೇಕು ಎಂಬುದೇ ನನ್ನ ಆಸೆ.

ಅದರ ಪಕ್ಕದಲ್ಲೇ ಬೆಳೆಯುತ್ತ ಹೋಗುವ ಇನ್ನೊಂದು ಸಂಖ್ಯೆಯಿದೆ. ಫೋನನ್ನು ಆರಿಸಿ ಮತ್ತೆ ಹಚ್ಚಿದರೆ ಅದು ಕುಸಿದು ಚಿಕ್ಕದಾಗುತ್ತದೆ. ಹಚ್ಚಿದಾಗಿನಿಂದ ಫೋನು ಎಷ್ಟು ಹೊತ್ತು ಎಚ್ಚರವಿತ್ತು ಎಂಬ ಲೆಕ್ಕ ಅದು. ನಿದ್ದೆಯ ಹೊತ್ತು ಸೇರುವುದಿಲ್ಲ. ಆದ್ದರಿಂದ ಗಡಿಯಾರಕ್ಕಿಂತ ಅದು ಹಿಂದೆ ಬೀಳಬಹುದು, ಮುಂದೆ ಹೋಗಲಾರದು. ಎರಡು ಫೋಟೊಗಳ ನಡುವೆ ಗಡಿಯಾರ ಹತ್ತು ನಿಮಿಷ ತೋರಿಸಿ, ಈ ಲೆಕ್ಕ ಎರಡು ತಾಸು ಮುಂದೆ ಸರಿದಿದ್ದರೆ ಗಡಿಯಾರವನ್ನೋ ಫೋಟೊದ ವೇಳೆಯನ್ನೋ ಯಾರೋ ತಿದ್ದಿರಬೇಕು.

ಆಂಡ್ರಾಯ್ಡ್ ಫೋನುಗಳ ಕಥೆ ಬೇರೆ. ಸ್ಯಾಮ್‌ಸಂಗ್ ಫೋನುಗಳು ತೆಗೆದ ಅನೇಕ ಫೋಟೊಗಳಲ್ಲಿ ಚಿತ್ರ ಮುಗಿಯಿತೆಂಬ ಗುರುತಾದ ‘ಎಫ್‌ಎಫ್ ಡಿ9’ ಆದ ಮೇಲೂ ಬರಹ ಮುಂದುವರಿಯುತ್ತದೆ. ಚಿತ್ರ ತೋರಿಸುವ ಆ್ಯಪ್ ಅಲ್ಲಿಗೇ ನಿಲ್ಲುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ. ಆ ಬಾಲದಲ್ಲಿ ಸಿಗುವ 13 ಅಂಕೆಗಳ ಸಂಖ್ಯೆ, 1970ರ ಜನವರಿ 1ರಿಂದ ಎಣಿಸಿದ ಮಿಲಿಸೆಕೆಂಡುಗಳ ಲೆಕ್ಕ. 1700000000000 ಎಂದಿದ್ದರೆ ನಮ್ಮ ಗಡಿಯಾರದಲ್ಲಿ 2023ರ ನವೆಂಬರ್ 15, ಬೆಳಗಿನ ಜಾವ 3 ಗಂಟೆ 43 ನಿಮಿಷ. ಎಕ್ಸಿಫ್‌ನ ಹೊತ್ತನ್ನಷ್ಟೇ ತಿದ್ದಿದವರು ಈ ಬಾಲವನ್ನು ಮರೆತಿರಬಹುದು.

ಇಷ್ಟೆಲ್ಲ ಸಾಕ್ಷ್ಯ ಒಂದೇ ಗಳಿಗೆಯಲ್ಲಿ ಹೋಗಿಬಿಡುವ ಜಾಗ ವಾಟ್ಸ್ಆ್ಯಪ್. ಫೋಟೊ ಎಂದು ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸಿ, ಹೊಸದಾಗಿ ಬರೆದು, ಸ್ಥಳ, ಹೊತ್ತು, ಟಿಪ್ಪಣಿಗಳನ್ನು ಬಿಟ್ಟುಬಿಡುತ್ತದೆ. ಮನೆಯ ಮಕ್ಕಳ ಫೋಟೊ ಹಂಚುವಾಗ ಅದು ಒಳ್ಳೆಯದೇ; ಮನೆಯ ಅಕ್ಷಾಂಶ ಯಾರಿಗೂ ಹೋಗದು. ಹಾನಿಯಾದ ಬೆಳೆಯ ಫೋಟೊವನ್ನು ಕಚೇರಿಯವರಿಗೆ ಹಾಗೆ ಕಳಿಸಿ, ಜಾಗ ಸಾಲದೆಂದು ಮೂಲವನ್ನು ಅಳಿಸಿದವರ ಬಳಿ ಮಾತ್ರ ಹೊಲದ ಹೆಸರೂ ಹೊತ್ತೂ ಇಲ್ಲದ ಒಂದು ಹಸಿರು ಚಿತ್ರ ಉಳಿಯುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದ್ದರೆ ಅದೇ ಫೋಟೊ ಒಂದಕ್ಷರವೂ ಬದಲಾಗದೆ ಹೋಗುತ್ತಿತ್ತು.