ಓದುಗರ ಕಾರ್ಡು, ನಾಯಕನ ಆಯುಸ್ಸು

ಟೋಕಿಯೋದ ದೊಡ್ಡ ಪ್ರಕಾಶನ ಸಂಸ್ಥೆಗಳಲ್ಲೊಂದಾದ ಕೊದಾನ್‌ಶಾದ ಸಭಾಂಗಣದಲ್ಲಿ 1970ರ ಮಾರ್ಚ್ 24ರಂದು ಒಬ್ಬ ಮುಷ್ಟಿಯುದ್ಧ ಪಟುವಿನ ಉತ್ತರಕ್ರಿಯೆ ನಡೆಯಿತು. ಮೃತನ ಚಿತ್ರವಿತ್ತು, ಬೌದ್ಧ ಭಿಕ್ಷುವಿನ ಮಂತ್ರಪಠಣವಿತ್ತು. ಸುಮಾರು 700 ಮಂದಿ ಬಂದಿದ್ದರು. ಹೆಸರಾಂತ ಕವಿಯೂ ನಾಟಕಕಾರರೂ ಆದ ಶುಜಿ ತೆರಯಾಮಾ ಇದರ ಮುಂದಾಳತ್ವ ವಹಿಸಿದ್ದರು. ವಿಶೇಷವೆಂದರೆ ಸತ್ತವನು ಎಂದೂ ಹುಟ್ಟಿಯೇ ಇರಲಿಲ್ಲ. ತೋರು ರಿಕಿಯಿಶಿ ಎಂಬ ಆ ಪಟು ‘ಶೋನೆನ್ ಮ್ಯಾಗಝೀನ್’ ಎಂಬ ಬಾಲಕರ ವಾರಪತ್ರಿಕೆಯಲ್ಲಿ ಬರುತ್ತಿದ್ದ ಚಿತ್ರಕಥಾ ಧಾರಾವಾಹಿಯ ಒಂದು ಪಾತ್ರ. ಸಾವು ಸಂಭವಿಸಿದ್ದು ಆಗಷ್ಟೇ ಪ್ರಕಟವಾಗಿದ್ದ ಕಂತಿನಲ್ಲಿ.

ಜಪಾನೀ ಚಿತ್ರಕಥೆಗಳಿಗೆ ‘ಮಾಂಗಾ’ ಎಂದು ಹೆಸರು. ಅದರಲ್ಲೂ ಹೊಡೆದಾಟ, ಸಾಹಸಗಳ ಮಾಂಗಾಗಳನ್ನು ಅಲ್ಲಿ ಇಡಿಯ ಪುಸ್ತಕವಾಗಿ ಓದುವುದಕ್ಕಿಂತ ಮೊದಲು ವಾರಕ್ಕೊಂದು ಕಂತಿನಂತೆ ಓದುವುದು ರೂಢಿ. ವಾರಪತ್ರಿಕೆಯ ಧಾರಾವಾಹಿಗಾಗಿ ಕಾದು, ಮನೆಯಲ್ಲಿ ಅದನ್ನು ಮೊದಲು ಓದುವವರಾರು ಎಂದು ಜಗಳವಾಡಿದ ಕನ್ನಡಿಗರಿಗೆ ಈ ಕಾತರ ಹೊಸದಲ್ಲ. ಹೊಸದೇನೆಂದರೆ, ಕಂತು ಓದಿ ಮುಗಿಸಿದ ಅಭಿಮಾನಿಯ ಅಭಿಪ್ರಾಯಕ್ಕೆ ಜಪಾನಿನಲ್ಲಿ ಇರುವ ಬೆಲೆ. ಅಲ್ಲಿ ಅದು ಚಾವಡಿಯ ಹರಟೆಯಾಗಿ ಉಳಿಯುವುದಿಲ್ಲ. ಕಥೆ ಬದುಕಬೇಕೆ ಸಾಯಬೇಕೆ ಎಂಬುದನ್ನು ನಿರ್ಧರಿಸುವ ಯಂತ್ರದ ಒಂದು ಭಾಗವಾಗಿಬಿಡುತ್ತದೆ.

ಆ ಯಂತ್ರ ರೂಪುಗೊಂಡದ್ದು ಬಡತನದಿಂದ. 1959ರಲ್ಲಿ ಹುಟ್ಟಿದ ‘ಶೋನೆನ್ ಮ್ಯಾಗಝೀನ್’ ಮತ್ತು ‘ಶೋನೆನ್ ಸಂಡೇ’ ಪತ್ರಿಕೆಗಳು ಹೆಸರುವಾಸಿ ಚಿತ್ರಕಥೆಗಾರರನ್ನೆಲ್ಲ ಕಟ್ಟಿಹಾಕಿಕೊಂಡಿದ್ದವು. 1968ರಲ್ಲಿ ಶುಯೇಶಾ ಸಂಸ್ಥೆ ‘ಶೋನೆನ್ ಜಂಪ್’ ಎಂಬ ಪತ್ರಿಕೆ ಆರಂಭಿಸಿದಾಗ ಅದಕ್ಕೆ ಸಿಕ್ಕಿದವರು ಬಹುಪಾಲು ಹೊಸಬರು. ತಿಂಗಳಿಗೆ ಎರಡು ಸಲ ಬರುತ್ತಿದ್ದ ಅದು ಮರುವರ್ಷವೇ ವಾರಪತ್ರಿಕೆಯಾಯಿತು. ಹೆಸರಿಲ್ಲದವರಲ್ಲಿ ಯಾರನ್ನು ಉಳಿಸಿಕೊಳ್ಳಬೇಕು? ಈ ಪ್ರಶ್ನೆಗೆ ಪತ್ರಿಕೆ ಕಂಡುಕೊಂಡ ಉತ್ತರ ಒಂದು ಅಂಚೆ ಕಾರ್ಡು. ಪ್ರತಿ ಸಂಚಿಕೆಯಲ್ಲೂ ಒಂದು ಕಾರ್ಡು ಇರುತ್ತದೆ. ಆ ವಾರ ತನಗೆ ಮೆಚ್ಚುಗೆಯಾದ ಮೂರು ಕಥೆಗಳನ್ನು ಗುರುತಿಸಿ ಓದುಗ ಅದನ್ನು ಅಂಚೆಗೆ ಹಾಕುತ್ತಾನೆ. ಕಳಿಸಿದವರಲ್ಲಿ ಚೀಟಿ ಎತ್ತಿ ಬಹುಮಾನ ಕೊಡುವುದೂ ಉಂಟು. ಹಲವು ವಾರ ತಳದಲ್ಲೇ ಉಳಿದ ಕಥೆ ಪತ್ರಿಕೆಯ ಕೊನೆಯ ಪುಟಗಳಿಗೆ ಸರಿಯುತ್ತದೆ, ಆಮೇಲೆ ನಿಂತೇ ಹೋಗುತ್ತದೆ. ಹತ್ತು ಹನ್ನೆರಡು ಕಂತುಗಳಲ್ಲಿ ಓದುಗರನ್ನು ಹಿಡಿಯಲಾಗದ ಹೊಸ ಧಾರಾವಾಹಿಗೆ ಉಳಿಗಾಲವಿಲ್ಲ. ಖಳನಾಯಕ ಆಗತಾನೇ ಮುಖ ತೋರಿಸಿರುತ್ತಾನೆ, ಅಷ್ಟರಲ್ಲಿ ಮಂಗಳ ಹಾಡಬೇಕು.

ನಿರ್ದಯ ಪದ್ಧತಿ, ನಿಜ. ಆದರೆ ಫಲ ಕೊಟ್ಟ ಪದ್ಧತಿಯೂ ಹೌದು. ‘ಜಂಪ್’ನ 1995ರ ಮೊದಲ ಸಂಚಿಕೆಗಳಲ್ಲೊಂದು 65 ಲಕ್ಷದ 30 ಸಾವಿರ ಪ್ರತಿ ಅಚ್ಚಾಯಿತು. ಇದು ಮಕ್ಕಳ ಪತ್ರಿಕೆಯೊಂದರ ಲೆಕ್ಕ!

ಈ ಏರಿಕೆಯ ಹಿಂದಿದ್ದ ದೊಡ್ಡ ಹೆಸರು ಅಕಿರಾ ತೊರಿಯಾಮಾ. ಅವರ ‘ಡ್ರ್ಯಾಗನ್ ಬಾಲ್’ 1984ರಿಂದ 1995ರವರೆಗೆ 519 ಕಂತುಗಳಲ್ಲಿ ಹರಿದುಬಂತು. ನಾಯಕ ಗೊಕುವಿನ ಮೂಲ ‘ಪಶ್ಚಿಮ ಯಾತ್ರೆ’ ಎಂಬ ಹಳೆಯ ಚೀನೀ ಕಾದಂಬರಿಯ ಕಪಿವೀರ. ಬೌದ್ಧ ಗ್ರಂಥಗಳಿಗಾಗಿ ಭಾರತಕ್ಕೆ ಹೊರಟ ಯತಿಗೆ ಬೆಂಗಾವಲಾಗಿ ಬರುವವನು ಅವನು. ಆ ಯತಿ ಬೇರಾರೂ ಅಲ್ಲ, ಇಮ್ಮಡಿ ಪುಲಿಕೇಶಿಯ ರಾಜ್ಯವನ್ನು ಕಂಡು ಬರೆದಿಟ್ಟ ಹ್ಯೂಯೆನ್ ತ್ಸಾಂಗ್. ಶಾಲೆಯ ಚರಿತ್ರೆ ಪುಸ್ತಕದಲ್ಲಿ ನಾವು ಕಂಡ ಯಾತ್ರಿಕನ ನೆರಳು ಹೀಗೆ ಜಪಾನಿನ ಹುಡುಗರ ಚಿತ್ರಕಥೆಯ ಮೇಲೂ ಬಿದ್ದಿದೆ.

ಮೊದಲಿಗೆ ‘ಡ್ರ್ಯಾಗನ್ ಬಾಲ್’ ನಗೆಹನಿಗಳಿಂದ ಕೂಡಿದ ಒಂದು ಹಗುರ ಸಾಹಸಯಾತ್ರೆ. ಕೆಲವು ವಾರಗಳಲ್ಲೇ ಕಾರ್ಡುಗಳ ಲೆಕ್ಕದಲ್ಲಿ ಅದು ಕೆಳಗಿಳಿಯತೊಡಗಿತು. ನಾಯಕ ಸಪ್ಪೆಯಾಗಿದ್ದಾನೆ ಎಂದು ಸಂಪಾದಕ ಕಝುಹಿಕೊ ತೊರಿಶಿಮಾ ಕಡ್ಡಿ ಮುರಿದಂತೆ ಹೇಳಿದರು. ಆಗ ತೊರಿಯಾಮಾ ಗೊಕುವನ್ನು ಒಬ್ಬ ಮುದುಕ ಗುರುವಿನ ಬಳಿ ಗರಡಿಗೆ ಹಾಕಿ, ಜಗದ ವೀರರೆಲ್ಲ ಸೇರುವ ಪಂದ್ಯಕ್ಕೆ ಇಳಿಸಿದರು. ಕಾರ್ಡುಗಳು ಬಂದು ಬಿದ್ದವು. ಮುಂದಿನ ಹತ್ತು ವರ್ಷ ಕಥೆ ಹೊಡೆದಾಟದ ದಾರಿಯನ್ನು ಬಿಡಲೇ ಇಲ್ಲ.

ಅಭಿಪ್ರಾಯ ಕೇಳಿ ಕಥೆ ತಿದ್ದಿದ ಗುರುತು ಪುಟಗಳಲ್ಲೇ ಉಳಿದಿರುವುದೂ ಉಂಟು. ಇದೇ ಧಾರಾವಾಹಿಯ ನಡುಭಾಗದಲ್ಲಿ ಭವಿಷ್ಯದಿಂದ ಬಂದ ಯುವಕನೊಬ್ಬ ಭಯಂಕರ ಯಂತ್ರಮಾನವರು ಬರಲಿದ್ದಾರೆಂದು ಎಚ್ಚರಿಸುತ್ತಾನೆ. ಅದರಂತೆ ಇಬ್ಬರು ಬರುತ್ತಾರೆ. ಒಬ್ಬ ಮುದುಕ, ಇನ್ನೊಬ್ಬ ದಢೂತಿ. ಆ ಹೊತ್ತಿಗೆ ಕಥೆಯ ಉಸ್ತುವಾರಿ ತೊರಿಶಿಮಾ ಅವರ ಕೈಯಲ್ಲಿರಲಿಲ್ಲ. ಆದರೂ ಇವರೂ ಒಬ್ಬ ಖಳರೇ ಎಂದು ಅವರು ಕರೆ ಮಾಡಿ ಆಕ್ಷೇಪಿಸಿದರು. ಕೆಲವು ಕಂತುಗಳ ಬಳಿಕ ಆ ಯುವಕ ಯಂತ್ರಮಾನವರನ್ನು ಕಂಡು, ತಾನು ಹೇಳಿದ್ದು ಇವರನ್ನಲ್ಲ ಎಂದುಬಿಡುತ್ತಾನೆ! ಹೊಸ ಜೋಡಿ ಬರುತ್ತದೆ, ಅದೂ ಸಾಲದೆಂದಾಗ ಮತ್ತೊಬ್ಬ ದೈತ್ಯ ಹುಟ್ಟುತ್ತಾನೆ. ಪುಸ್ತಕವಾಗಿ ಓದುವಾಗ ಈ ತೇಪೆ ಕಣ್ಣಿಗೆ ಬೀಳುತ್ತದೆ. ಆದರೆ ವಾರವಾರ ಓದುತ್ತಿದ್ದ ಹುಡುಗನಿಗೆ ಅದು ಎದೆ ನಡುಗಿಸಿದ ತಿರುವು. ಹೊಲಿಗೆಯ ಅಂದಕ್ಕಿಂತ ಅಂದಿನ ಚಳಿಗೆ ಹೊದಿಕೆ ಮುಖ್ಯ ಎಂಬುದು ಧಾರಾವಾಹಿಯ ನ್ಯಾಯ.

ಈ ನ್ಯಾಯಕ್ಕೆ ಒಂದು ಮಿತಿಯೂ ಇದೆ. ಕಾರ್ಡು ಅಳೆಯುವುದು ಈ ವಾರದ ಸಂತೋಷವನ್ನು ಮಾತ್ರ. ರಿಕಿಯಿಶಿಯ ಸಾವಿನ ಕಥೆಯನ್ನೇ ನೋಡಬಹುದು. ಇಕ್ಕಿ ಕಜಿವಾರಾ (ಈ ಕೃತಿಗೆ ಅವರು ಬಳಸಿದ್ದು ಅಸಾವೊ ತಕಾಮೊರಿ ಎಂಬ ಹೆಸರು) ಬರೆದು ತೆತ್ಸುಯಾ ಚಿಬಾ ಚಿತ್ರಿಸಿದ ‘ಅಶಿತಾ ನೊ ಜೋ’, ಎಂದರೆ ‘ನಾಳೆಯ ಜೋ’, ಕೊಳೆಗೇರಿಯ ಅನಾಥ ಹುಡುಗನೊಬ್ಬ ಮುಷ್ಟಿಯುದ್ಧ ಪಟುವಾಗುವ ಕಥೆ. ಬಾಲಾಪರಾಧಿಗಳ ಸುಧಾರಣಾಗೃಹದಲ್ಲಿ ಅವನಿಗೆ ರಿಕಿಯಿಶಿ ಎದುರಾಗುತ್ತಾನೆ. ಇವನೇ ಮುಂದೆ ಪ್ರಧಾನ ಎದುರಾಳಿಯಾಗುತ್ತಾನೆಂದು ಅರಿಯದೆ ಚಿಬಾ ಅವನನ್ನು ಜೋಗಿಂತ ಬಹಳ ಎತ್ತರದ ಆಳಾಗಿ ಬರೆದುಬಿಟ್ಟಿದ್ದರು. ಮುಷ್ಟಿಯುದ್ಧದಲ್ಲಿ ಒಂದೇ ತೂಕದವರಷ್ಟೇ ಸೆಣಸಬಹುದು. ಹಾಗಾಗಿ ರಿಕಿಯಿಶಿ ಅನ್ನ ನೀರು ಬಿಟ್ಟು ದೇಹವನ್ನು ಕರಗಿಸಬೇಕಾಯಿತು. ಚಿತ್ರಕಾರನ ಲೆಕ್ಕತಪ್ಪಿನಿಂದ ಹುಟ್ಟಿದ ಈ ಉಪವಾಸವೇ ಕಥೆಯ ಅತಿ ಘೋರವಾದ ಭಾಗವಾಯಿತು. ಬಾಯಾರಿ ಒಣಗಿದ ರಿಕಿಯಿಶಿ ಜೋನನ್ನು ಗೆಲ್ಲುತ್ತಾನೆ, ಗೆದ್ದ ಮೇಲೆ ಸಾಯುತ್ತಾನೆ.

ಮತ ಕೇಳಿದ್ದರೆ ಈ ಸಾವಿಗೆ ಯಾರು ಒಪ್ಪಿಗೆ ಕೊಡುತ್ತಿದ್ದರು? ಆದರೆ ಓದುಗರು ಬೇಡವೆನ್ನುತ್ತಿದ್ದ ಆ ಕಂತೇ ಅವರನ್ನು ಶೋಕಸಭೆಗೆ ಎಳೆದು ತಂದಿತು. ಅದಾಗಿ ಒಂದು ವಾರಕ್ಕೆ, ಮಾರ್ಚ್ 31ರಂದು, ಜಪಾನಿನ ವಿಮಾನವೊಂದನ್ನು ಅಪಹರಿಸಿ ಉತ್ತರ ಕೊರಿಯಾಕ್ಕೆ ಹೋದ ಕ್ರಾಂತಿಕಾರಿ ಯುವಕರು ತಮ್ಮ ಹೇಳಿಕೆಯಲ್ಲಿ ತಮ್ಮನ್ನು ‘ನಾಳೆಯ ಜೋ’ ಎಂದು ಕರೆದುಕೊಂಡರು. ಬಾಲಕರ ಪತ್ರಿಕೆಯನ್ನು ಅದಾಗಲೇ ಯಾರು ಯಾರು ಓದುತ್ತಿದ್ದರು ಎಂಬುದಕ್ಕೆ ಇದೂ ಒಂದು ಸಾಕ್ಷಿ.

ಅಂಥದೇ ಸಾವೊಂದು 2023ರ ಸೆಪ್ಟೆಂಬರಿನಲ್ಲಿ ಮತ್ತೆ ಗದ್ದಲವೆಬ್ಬಿಸಿತು. 2018ರಿಂದ ‘ಜಂಪ್’ನಲ್ಲಿ ಬರುತ್ತಿದ್ದ ಗೆಗೆ ಅಕುತಾಮಿ ಅವರ ‘ಜುಜುತ್ಸು ಕೈಸೆನ್’ ಮಾಂಗಾದ 235ನೆಯ ಕಂತು ಅಚ್ಚುಮೆಚ್ಚಿನ ವೀರ ಗೊಜೋ ಗೆದ್ದನೆಂಬ ಮಾತಿನೊಂದಿಗೆ ಮುಗಿದಿತ್ತು. ಮುಂದಿನ ಕಂತು ತೆರೆದರೆ ಅವನು ಸತ್ತ ಗೆಳೆಯರ ನಡುವೆ ಹರಟುತ್ತಿದ್ದಾನೆ, ಕೊನೆಗೆ ರಣಭೂಮಿಯಲ್ಲಿ ಅವನ ದೇಹ ಎರಡು ತುಂಡಾಗಿ ಬಿದ್ದಿದೆ. ಈಗ ಪ್ರಕಾಶಕರೇ 2019ರಿಂದ ಅಂತರಜಾಲದಲ್ಲಿ ಜಪಾನಿನ ಜೊತೆಜೊತೆಗೇ ಇಂಗ್ಲಿಷ್ ಕಂತು ಒದಗಿಸುತ್ತಿರುವುದರಿಂದ ಅಳು, ಬೈಗುಳ ಎರಡೂ ಹಲವು ದೇಶಗಳಿಂದ ಒಮ್ಮೆಗೇ ಕೇಳಿಬಂದವು. ಅಭಿಮಾನಿಗಳ ಕೋಪದಲ್ಲಿ ಒಂದು ಮಾತು ಮಾತ್ರ ಸರಿ. ಅವನನ್ನು ಕೆಡವಿದ ಹೊಡೆತವನ್ನು ಲೇಖಕರು ನಡೆಯುತ್ತಿದ್ದಾಗ ತೋರಿಸಲೇ ಇಲ್ಲ, ಆದ ಮೇಲೆ ಬಾಯಿಮಾತಿನಲ್ಲಿ ವಿವರಿಸಿದರು. ರಿಕಿಯಿಶಿಯ ಸಾವಿಗೆ ಓದುಗರು ವಾರವಾರ ಅವನ ಪಕ್ಕೆಲುಬು ಎಣಿಸುತ್ತ ಸಿದ್ಧರಾಗಿದ್ದರು. ಗೊಜೋನ ಸಾವಿಗೆ ಆ ಸಿದ್ಧತೆ ಇರಲಿಲ್ಲ. ಏನೇ ಆಗಲಿ, ಅವನು ಬದುಕಿ ಬರಲಿಲ್ಲ. ಮರುವರ್ಷ ಸೆಪ್ಟೆಂಬರ್ 30ರಂದು 271ನೆಯ ಕಂತಿನೊಂದಿಗೆ ಕಥೆ ಮುಗಿಯಿತು.

ಓದುಗರ ಕೂಗಿಗೆ ಪತ್ರಿಕೆ ತಲೆಬಾಗಲೇಬೇಕಾದ ಸಂದರ್ಭವೂ ಉಂಟು. 2020ರ ಫೆಬ್ರವರಿಯಲ್ಲಿ ಕೊಹೇ ಹೊರಿಕೋಶಿ ಅವರ ‘ಮೈ ಹೀರೋ ಅಕಾಡೆಮಿಯಾ’ದಲ್ಲಿ ಮನುಷ್ಯರ ಮೇಲೆ ಪ್ರಯೋಗ ನಡೆಸುವ ವೈದ್ಯನೊಬ್ಬನಿಗೆ ‘ಮರುತಾ’ ಎಂಬ ಹೆಸರು ಬಂತು. ಜಪಾನೀ ಭಾಷೆಯಲ್ಲಿ ಇದಕ್ಕೆ ಮರದ ದಿಮ್ಮಿ ಎಂದರ್ಥ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಂಚೂರಿಯಾದಲ್ಲಿ ಸೆರೆಯಾಳುಗಳ ಮೇಲೆ ರೋಗಾಣು ಪ್ರಯೋಗ ನಡೆಸಿದ ಜಪಾನೀ ಸೇನೆಯ 731ನೆಯ ದಳ ತನ್ನ ಬಲಿಪಶುಗಳನ್ನು ಕರೆಯುತ್ತಿದ್ದುದು ಇದೇ ಪದದಿಂದ. ಚೀನಾ, ಕೊರಿಯಾಗಳ ಓದುಗರು ಸಿಡಿದೆದ್ದರು. ಚೀನಾದ ಅಂತರಜಾಲ ತಾಣಗಳು ಕೃತಿಯನ್ನೇ ತೆಗೆದುಹಾಕಿದವು. ಅಂಥ ಉದ್ದೇಶವಿರಲಿಲ್ಲವೆಂದು ಲೇಖಕರೂ ಪ್ರಕಾಶಕರೂ ಕ್ಷಮೆ ಕೇಳಿ ಪಾತ್ರದ ಹೆಸರು ಬದಲಿಸಿದರು. ಯಾವ ಕಥೆ ಹೆಚ್ಚು ಚೆಂದ ಎಂದಷ್ಟೇ ಕೇಳುವ ಕಾರ್ಡಿನಲ್ಲಿ ಇಂಥ ಮಾತಿಗೆ ಜಾಗವಿಲ್ಲ. ಅದನ್ನು ಹೇಳಲು ಓದುಗರು ಬೇರೆ ದಾರಿಯನ್ನೇ ಹಿಡಿಯಬೇಕಾಯಿತು.

ಇನ್ನು ವಾರಕ್ಕೆ ಹತ್ತೊಂಬತ್ತು ಪುಟ ಬರೆಯುವ ಕೈಯ ಪಾಡೇನು? ಯೊಶಿಹಿರೊ ತೊಗಾಶಿ 1994ರಲ್ಲಿ ಜನಪ್ರಿಯತೆಯ ತುದಿಯಲ್ಲಿದ್ದ ‘ಯುಯು ಹಕುಶೋ’ವನ್ನು ತಾವಾಗಿಯೇ ನಿಲ್ಲಿಸಿದರು. 1998ರಲ್ಲಿ ಆರಂಭಿಸಿದ ‘ಹಂಟರ್ ಹಂಟರ್’ ಅವರ ಬೆನ್ನುನೋವಿನಿಂದಾಗಿ ಮತ್ತೆ ಮತ್ತೆ ನಿಂತಿತು. ಎರಡು ವರ್ಷ ಕುರ್ಚಿಯ ಮೇಲೆ ಕೂರಲೂ ಆಗಲಿಲ್ಲವೆಂದು ಅವರೇ ಓದುಗರಿಗೆ ತಿಳಿಸಿದರು. 2018ರ ಕೊನೆಯಿಂದ ನಾಲ್ಕು ವರ್ಷ ಹೊಸ ಕಂತಿಲ್ಲ. ಕಾರ್ಡಿನ ಕಾನೂನಿನಂತೆ ಎಂದೋ ಮುಗಿಯಬೇಕಾಗಿದ್ದ ಕಥೆಯನ್ನು ಪತ್ರಿಕೆ ಕೈಬಿಡಲಿಲ್ಲ. 2022ರ ಡಿಸೆಂಬರಿನಲ್ಲಿ, ಇನ್ನು ಅದು ವಾರವಾರ ಬರುವುದಿಲ್ಲ, ಬರೆಯಲು ಆದಾಗ ಬರುತ್ತದೆ ಎಂದು ಪ್ರಕಟಿಸಿತು.

ಅದೇ ವರ್ಷದ ಮೇ ತಿಂಗಳಲ್ಲಿ ತೊಗಾಶಿ ಟ್ವಿಟರಿನಲ್ಲಿ ಖಾತೆ ತೆರೆದು, ಒಂದು ಪುಟದ ಮೂಲೆಯ ಚಿತ್ರ ಹಾಕಿದ್ದರು. ಅದರಲ್ಲಿ ಒಂದು ಮರ, ಜೊತೆಗೆ ಸದ್ಯಕ್ಕೆ ಇನ್ನು ನಾಲ್ಕು ಕಂತು ಎಂಬರ್ಥದ ಒಂದು ಸಾಲು, ಬೇರೇನಿಲ್ಲ. ಕೆಲವೇ ದಿನಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಆ ಖಾತೆಯನ್ನು ಹಿಂಬಾಲಿಸತೊಡಗಿದ್ದರು.